ಒಂದು ಗ್ಲಾಸ್ ನೀರಿನ ಟಾಕಿ

ಬಸವಕಲ್ಯಾಣದಲ್ಲಿ ಏನಿಲ್ಲ ಎಂದು ಕೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ. ಚಾಲುಕ್ಯರು ಇಲ್ಲಿಂದಲೇ ಆಳಿದರು, ಶರಣರು ಇಲ್ಲೇ ಕೂತು ಮಾತಾಡಿದರು, ಕೋಟೆ ಇದೆ, ತ್ರಿಪುರಾಂತ ಕೆರೆ ಇದೆ, ದೂರದಿಂದಲೇ ಕಾಣುವ 108 ಅಡಿಯ ಬಸವಣ್ಣನ ಮೂರ್ತಿ ಇದೆ, ಹಗಲಿಡೀ ಸುತ್ತಿಗೆ ಸದ್ದು ನಿಲ್ಲದ ಆಟೋ ನಗರ ಇದೆ. ಇಷ್ಟೆಲ್ಲ ಇರುವ ಊರಿಗೆ ರೈಲೊಂದು ಇಲ್ಲ. ರೈಲು ನೋಡಬೇಕೆಂದರೆ ಸಸ್ತಾಪುರ ಬಂಗ್ಲಾಕ್ಕೆ ಹೋಗಿ, ಹೆದ್ದಾರಿ ಹಿಡಿದು, ಹುಮನಾಬಾದ್ ಮುಟ್ಟಬೇಕು. ಹುಮನಾಬಾದಿನವರಾದರೂ ಈ ವಿಷಯದಲ್ಲಿ ಬಹಳ ಬೀಗುವಂತಿಲ್ಲ. ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಅಷ್ಟೊತ್ತಿಗೆ ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಎಂಜಿನ್ನುಗಳ ದಿನನಿತ್ಯದ ಓಡಾಟ ನಿಂತು ಇಪ್ಪತ್ತು ವರ್ಷ ದಾಟಿತ್ತು. ಅಂದರೆ ಹುಮನಾಬಾದ್ ಸ್ಟೇಷನ್ನಿನಲ್ಲಿ ಉಗಿ ಎಂಜಿನ್ನೊಂದು ದಿನದ ಗಾಡಿ ಎಳೆದು ಬಂದು ನಿಂತು ನೀರು ಕುಡಿದ ಇತಿಹಾಸವೇ ಇಲ್ಲ.

ಆ ಎರಡೂ ಕೊರತೆಗಳನ್ನು ನಾನು ಮನೆಯ ಮೇಲಿನ ಖೋಲಿಯಲ್ಲಿ ತುಂಬಿಸಿಕೊಂಡಿದ್ದೇನೆ. ಅಲ್ಲಿ ಒಂದು ಪ್ಲೈವುಡ್ ಹಲಗೆಯ ಮೇಲೆ ಕಲ್ಯಾಣಕ್ಕೂ ಹುಮನಾಬಾದಿಗೂ ರೈಲು ಓಡುತ್ತದೆ, ಅದೂ ಉಗಿ ಎಂಜಿನ್ನಿನ ರೈಲು. ಅಳತೆ ಎಂಬತ್ತೇಳಕ್ಕೆ ಒಂದು. ಜಗತ್ತಿನ ಪುಟ್ಟ ರೈಲಿನ ಹುಚ್ಚರಲ್ಲಿ ಹೆಚ್ಚಿನವರು ಬಳಸುವ ಅಳತೆ ಅದೇ. ನಿಜದ ಒಂದು ಅಡಿ ಅಲ್ಲಿ ಮೂರೂವರೆ ಮಿಲಿಮೀಟರ್. ಎರಡು ಊರುಗಳ ನಡುವೆ ಮೂವತ್ತು ಕಿಲೋಮೀಟರ್ ಎಂದು ಹಿಡಿದರೂ ಈ ಲೆಕ್ಕದಲ್ಲಿ ನನಗೆ ಮುನ್ನೂರ ನಲವತ್ತೈದು ಮೀಟರ್ ಉದ್ದದ ಹಲಗೆ ಬೇಕು. ಅಷ್ಟು ಉದ್ದದ ಹಲಗೆ ನಮ್ಮ ಖೋಲಿ, ನಮ್ಮ ಓಣಿ, ಪಕ್ಕದ ಓಣಿ ಎಲ್ಲ ದಾಟಿ ಹೋಗುತ್ತದೆ. ಆದ್ದರಿಂದ ನಡುವಿನ ಹೊಲ, ಹಳ್ಳ, ಢಾಬಾಗಳನ್ನು ಮಡಚಿ ಒಳಗಿಟ್ಟು ನಾಲ್ಕು ಅಡಿಗೇ ಹುಮನಾಬಾದ್ ತಂದು ನಿಲ್ಲಿಸಿದ್ದೇನೆ. ಬೀದರಿನಿಂದ ಕಲಬುರಗಿಗೆ ಹಳಿ ಹಾಸಲು ಸರ್ಕಾರಕ್ಕೆ ಹಿಡಿದ ಕಾಲವನ್ನು ನೆನೆದರೆ, ನನ್ನ ಇಲಾಖೆ ಚುರುಕಾಗಿಯೇ ಕೆಲಸ ಮಾಡಿದೆ.

ಉಗಿ ಎಂಜಿನ್ ಇಟ್ಟುಕೊಂಡವನಿಗೆ ಒಂದು ಜವಾಬ್ದಾರಿ ತಪ್ಪಿದ್ದಲ್ಲ. ಅದಕ್ಕೆ ನೀರು ಕಾಣಿಸಬೇಕು. ನೋಡುವವರ ಕಣ್ಣಿಗೆ ಕಲ್ಲಿದ್ದಲು ದೊಡ್ಡದಾಗಿ ಕಾಣುತ್ತದೆ, ಬೆಂಕಿ, ಹೊಗೆ, ಸಲಿಕೆ ಹಿಡಿದ ಮನುಷ್ಯ, ಎಲ್ಲ ಅದರ ಸುತ್ತಲೇ ಇರುವುದರಿಂದ. ಆದರೆ ಒಂದು ಕಿಲೋ ಕಲ್ಲಿದ್ದಲು ಉರಿದರೆ ಆರೇಳು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಎಂಜಿನ್ನು ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದದ್ದು ಕಲ್ಲಿದ್ದಲಿಗಿಂತ ಹೆಚ್ಚಾಗಿ ನೀರಿಗೆ. ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ನಿಜಾಮರ ರೈಲು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ವಾಡಿ, ಶಹಾಬಾದ್, ಸೇಡಂ ಕಡೆಯೆಲ್ಲ ನೆಲದಡಿ ಸುಣ್ಣದ ಕಲ್ಲು. ಅರ್ಧ ಕರ್ನಾಟಕದ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಅಲ್ಲಿಯದೇ. ಆ ಕಲ್ಲಿನ ನಡುವೆ ಇಳಿದು ಬಂದ ನೀರನ್ನು ಕುದಿಸಿದರೆ ಪಾತ್ರೆಯ ಒಳಮೈಗೆ ಬಿಳಿ ಪದರ ಕಟ್ಟುತ್ತದೆ. ಬಾಯ್ಲರಿನ ಕೊಳವೆಗಳಿಗೆ ಅದು ಕಟ್ಟಿದರೆ ಬೆಂಕಿಯ ಕಾವು ನೀರಿಗೆ ಮುಟ್ಟುವುದಿಲ್ಲ, ಕೊಳವೆ ಸುಡುತ್ತದೆ. ಎಂಜಿನ್ನು ಬಾಯಾರಿದಾಗ ಸಿಕ್ಕಿದ್ದನ್ನು ಕುಡಿಯುವ ಪ್ರಾಣಿ ಅಲ್ಲ. 1930ರ ಸುಮಾರಿಗೆ ವಿಕಾರಾಬಾದಿನಿಂದ ಬೀದರಿಗೂ ರೈಲು ಬಂತು. ಅಲ್ಲಿಂದ ಹುಮನಾಬಾದಿಗೆ ಬರಲು ಅದು ಇನ್ನೂ ಎಂಟು ದಶಕ ಯೋಚಿಸಿತು.

ಈ ಹಳೆಯ ಸ್ಟೇಷನ್ನುಗಳಲ್ಲಿ ಎಂಜಿನ್ನಿಗೆ ನೀರು ಕೊಡುತ್ತಿದ್ದ ಟಾಕಿಗಳು ಕಬ್ಬಿಣದವು. ಕೆಳಗೆ ಕಲ್ಲಿನದೋ ಇಟ್ಟಿಗೆಯದೋ ಗೋಪುರ ಅಥವಾ ಕಬ್ಬಿಣದ ಕಾಲು, ಮೇಲೆ ಚೌಕಾಕಾರದ ತೊಟ್ಟಿ. ನಾಲ್ಕು ಅಡಿ ಚೌಕದ ಉಕ್ಕಿನ ತಗಡುಗಳನ್ನು ಅಚ್ಚಿನಲ್ಲಿ ಒತ್ತಿ, ಬೋಲ್ಟ್ ಹಾಕಿ ಜೋಡಿಸಿದ ಟಾಕಿಗಳನ್ನು ನೀವು ನೋಡಿಯೇ ಇರುತ್ತೀರಿ. ಬ್ರೈತ್‌ವೇಟ್ ಕಂಪನಿಯ ಹೆಸರು ಅವಕ್ಕೆ ಅಂಟಿಕೊಂಡಿದೆ. ಟಾಕಿ ಒಂದು ಕಡೆ, ಎರಡು ಹಳಿಗಳ ನಡುವೆ ಆನೆಯ ಸೊಂಡಿಲು ಇಳಿಬಿಟ್ಟ ನೀರಿನ ಕಂಬ ಇನ್ನೊಂದು ಕಡೆ. ಇದು ನಮ್ಮ ಪದ್ಧತಿ. ಮರದ ಟಾಕಿ ನಮ್ಮದಲ್ಲ. ನಮ್ಮಲ್ಲಿ ಗೆದ್ದಲು ಇದೆ, ಏಪ್ರಿಲ್ ಇದೆ. ಹಲಗೆಯ ಟಾಕಿಯನ್ನು ಬೀದರ್ ಜಿಲ್ಲೆಯ ಬಿಸಿಲಿಗೆ ಅರ್ಧ ಖಾಲಿ ಬಿಟ್ಟರೆ ಮೇಲಿನ ಅರ್ಧ ಒಣಗಿ ಬಾಯಿಬಿಡುತ್ತದೆ, ಮುಂದಿನ ಸಲ ತುಂಬಿಸಿದಾಗ ನೂರು ಕಡೆಯಿಂದ ಸೋರುತ್ತದೆ.

ಮರದ ಟಾಕಿ ಅಮೆರಿಕದ ಸೊತ್ತು. ಅಲ್ಲಿ ಹಳಿ ಕಾಡಿನೊಳಗೆ ನುಗ್ಗಿದಾಗ ಕಬ್ಬಿಣದ ಕಾರ್ಖಾನೆ ದೂರ, ಮರ ಕೈಗೆಟುಕುವಷ್ಟು ಹತ್ತಿರ. ರೆಡ್‌ವುಡ್, ಸೀಡರ್, ಸೈಪ್ರೆಸ್ ಎಂಬ, ನೀರಿಗೆ ಬೇಗ ಕೊಳೆಯದ ಮರಗಳ ಹಲಗೆಗಳನ್ನು ಸುತ್ತಲೂ ನಿಲ್ಲಿಸಿ, ಕಬ್ಬಿಣದ ಬಳೆ ತೊಡಿಸಿ, ಮೇಲೊಂದು ಮೊನಚು ಮಾಡು ಹಾಕಿ ಹಳಿಯ ಪಕ್ಕದಲ್ಲೇ ನಿಲ್ಲಿಸಿಬಿಡುತ್ತಿದ್ದರು. ದಪ್ಪ ಹಲಗೆ ಚಳಿಗಾಲದಲ್ಲಿ ನೀರು ಬೇಗ ಹೆಪ್ಪುಗಟ್ಟದಂತೆಯೂ ಕಾಯುತ್ತಿತ್ತು. ರೈಲು ಬಿಟ್ಟುಕೊಟ್ಟ ಮೇಲೂ ಈ ಟಾಕಿ ಸತ್ತಿಲ್ಲ. ನ್ಯೂಯಾರ್ಕ್ ನಗರದ ಎತ್ತರದ ಕಟ್ಟಡಗಳ ತಲೆಯ ಮೇಲೆ ಇವತ್ತಿಗೂ ಸಾವಿರಾರು ಮರದ ಟಾಕಿಗಳು ಕೂತಿವೆ, ಹಳತಾದರೆ ಮತ್ತೆ ಮರದ್ದನ್ನೇ ಕಟ್ಟಿ ಏರಿಸುತ್ತಾರೆ. ಅಷ್ಟು ದುಡ್ಡಿನ ಊರಿಗೂ ಹಲಗೆ ಮತ್ತು ಬಳೆಗಿಂತ ಒಳ್ಳೆಯ ಉಪಾಯ ಹೊಳೆದಿಲ್ಲ ಅಂದರೆ ಆ ಉಪಾಯದಲ್ಲಿ ಏನೋ ಇದೆ.

ಹಾಗಾದರೆ ನಿಜಾಮ ಸೀಮೆಯ ರೈಲಿಗೆ ಮರದ ಟಾಕಿ ಯಾಕೆ ಎಂದು ತಿಳಿದವರು ಕೇಳುತ್ತಾರೆ. ಪುಟ್ಟ ರೈಲಿನ ಲೋಕದಲ್ಲಿ ಇಂಥ ತಿಳಿದವರ ಒಂದು ಜಾತಿಯೇ ಇದೆ. ಬೋಗಿಯ ಬಣ್ಣ ಯಾವ ವರ್ಷದ್ದು, ಎಂಜಿನ್ನಿನ ನಂಬರಿನ ಅಕ್ಷರ ಎಷ್ಟು ದಪ್ಪ, ಎಲ್ಲ ಅವರಿಗೆ ಗೊತ್ತು. ಅವರಿಗೆ ನನ್ನ ಉತ್ತರ ಹಳಿಯಿಂದಲೇ ಶುರುವಾಗುತ್ತದೆ. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ ಬರಬೇಕು. ಪೇಟೆಯಲ್ಲಿ ಸಿಗುವ ಪುಟ್ಟ ಹಳಿ ಹದಿನಾರೂವರೆ. ಅದು ಅಮೆರಿಕ, ಯುರೋಪುಗಳ 1435 ಮಿಲಿಮೀಟರ್ ಹಳಿಯ ಮರಿ. ಹಳಿಯೇ ಪರದೇಶದ್ದಾದ ಮೇಲೆ ಟಾಕಿಯ ಜಾತಿ ಕೇಳುವುದು ನ್ಯಾಯವಲ್ಲ. ಇಷ್ಟಕ್ಕೂ ಒಪ್ಪದಿದ್ದರೆ ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಅಲೆನ್ನನ ಮಾತು ತೆಗೆಯುತ್ತೇನೆ. ಅವನ ಮನೆಯ ಕೆಳಗಿನ ಪುಟ್ಟ ರೈಲು ಜಗತ್ತಿನಾದ್ಯಂತ ಹೆಸರು ಮಾಡಿತ್ತು. ಕಲ್ಲು, ಕಮರಿ, ಸೇತುವೆ, ತುಕ್ಕು, ಎಲ್ಲ ಎಷ್ಟು ನಿಜವಾಗಿತ್ತೆಂದರೆ ಫೋಟೋದಲ್ಲಿ ಗುರುತು ಹಿಡಿಯುವುದು ಕಷ್ಟ. ಆ ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಎಳೆದು ಜೋಡಿಸಲು ಅವನು ಇಟ್ಟುಕೊಂಡಿದ್ದು ಎಮ್ಮಾ ಎಂಬ ಸ್ಟೆಗೊಸಾರಸ್. ಹೌದು, ಬೆನ್ನ ಮೇಲೆ ಫಲಕಗಳಿದ್ದ ಡೈನೋಸಾರ್. ಅವನು 1973ರಲ್ಲಿ ತೀರಿಕೊಂಡ, ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲೂ ಹೋಯಿತು. ಎಮ್ಮಾಳನ್ನು ತಪ್ಪೆಂದು ಬರೆದವರನ್ನು ನಾನಂತೂ ಓದಿಲ್ಲ.

ಆದರೆ ಖರೇ ಕಾರಣ ಬೇರೆ. ಕಬ್ಬಿಣದ ಟಾಕಿಯನ್ನು ನೋಡಿದರೆ ಅದರಲ್ಲಿ ನೀರಿದೆಯೋ ಗಾಳಿಯಿದೆಯೋ ತಿಳಿಯುವುದಿಲ್ಲ, ಅದು ಮುಖದ ಮೇಲೆ ಏನನ್ನೂ ತೋರಿಸುವುದಿಲ್ಲ. ಮರದ ಟಾಕಿ ತನ್ನ ಕಷ್ಟವನ್ನು ಹೊರಗೇ ಬರೆದುಕೊಂಡು ನಿಂತಿರುತ್ತದೆ. ಹಲಗೆಗಳಿಗೆ ಮೊಳೆ ಇಲ್ಲ, ಅಂಟು ಇಲ್ಲ, ಬಳೆಗಳಷ್ಟೇ ಹಿಡಿದಿರುವುದು. ಮೇಲಿನ ಬಳೆಗಳು ದೂರ ದೂರ. ಕೆಳಗೆ ಬಂದಂತೆ ಹತ್ತಿರ ಹತ್ತಿರ, ತಳದಲ್ಲಿ ಒಂದರ ಮೇಲೊಂದು ಕೂತಂತೆ. ನೀರಿನ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ ಪಾಠವನ್ನು ಇಷ್ಟು ಚಂದವಾಗಿ ತೋರಿಸುವ ಇನ್ನೊಂದು ಕಟ್ಟಡವನ್ನು ನಾನು ನೋಡಿಲ್ಲ. ಅಂಗಡಿಯಲ್ಲಿ ಸಿಗುವ ಕೆಲವು ಪ್ಲಾಸ್ಟಿಕ್ ಟಾಕಿಗಳಲ್ಲಿ ಬಳೆಗಳನ್ನು ಸರಿಸಮ ಅಂತರದಲ್ಲಿ ಕೂರಿಸಿರುತ್ತಾರೆ. ಅದು ಟಾಕಿಯ ವೇಷ, ಟಾಕಿ ಅಲ್ಲ. ಬಾರದ ನೀರಿಗಾದರೂ ಲೆಕ್ಕ ಸರಿಯಾಗಿರಬೇಕು ಎಂಬುದು ನನ್ನ ಹಟ.

ಲೆಕ್ಕ ಹೇಳಿಬಿಡುತ್ತೇನೆ, ಬೇಡದವರು ಮುಂದಿನ ಪ್ಯಾರಾಕ್ಕೆ ಜಿಗಿಯಬಹುದು. ಹೊಲಕ್ಕೆ ಹಾಕುವ 75 ಮಿಲಿಮೀಟರ್ ಪಿವಿಸಿ ಪೈಪಿನ ತುಂಡೊಂದನ್ನು ಒಳಗಿನ ಅಚ್ಚಾಗಿ ಇಟ್ಟು, ಅದರ ಸುತ್ತ ಒಂದು ಮಿಲಿಮೀಟರ್ ದಪ್ಪದ ಪಟ್ಟಿ ಅಂಟಿಸಿದರೆ ಹೊರ ಅಳತೆ 77 ಆಗುತ್ತದೆ. ಎಂಬತ್ತೇಳರಿಂದ ಗುಣಿಸಿ ನೋಡಿ, ಸರಿಯಾಗಿ 22 ಅಡಿ. ಪೈಪ್ ಮಾಡಿದ ಕಾರ್ಖಾನೆಯವನ ತಲೆಯಲ್ಲಿ ಶೇಂಗಾ ಬೆಳೆಗೆ ನೀರು ಬಿಡುವ ರೈತನಿದ್ದನೇ ಹೊರತು ಅಮೆರಿಕದ ಟಾಕಿ ಇರಲಿಲ್ಲ, ಆದರೂ ಹೊಂದಿಕೊಂಡಿತು. ಹಲಗೆಯ ಅಗಲ ನಿಜದಲ್ಲಿ ಆರು ಇಂಚು ಎಂದರೆ ಇಲ್ಲಿ ಒಂದೂಮುಕ್ಕಾಲು ಮಿಲಿಮೀಟರ್. ಸುತ್ತಲೂ ನಿಲ್ಲಿಸಲು 135ರ ಆಸುಪಾಸು ಪಟ್ಟಿ ಬೇಕು. ಎತ್ತರ 16 ಅಡಿ, ಅಂದರೆ 56 ಮಿಲಿಮೀಟರ್. ನಿಜದಲ್ಲಿ ಇಂಥ ಟಾಕಿ ಹಿಡಿಯುವ ನೀರು ಒಂದು ಲಕ್ಷ ಅರವತ್ತು ಸಾವಿರ ಲೀಟರಿಗೂ ಹೆಚ್ಚು, ಐದು ಸಾವಿರ ಲೀಟರಿನ ಟ್ಯಾಂಕರುಗಳು ಮೂವತ್ತಕ್ಕೂ ಮೇಲೆ ಬಂದು ಸುರಿಯಬೇಕು. ತುಂಬಿ ನಿಂತಾಗ ತಳದ ಒಂದೇ ಅಡಿ ಎತ್ತರದ ಭಾಗವನ್ನು ಹಿಡಿದಿಡುವ ಬಳೆಗಳ ಮೇಲೆ ಬೀಳುವ ಎಳೆತ ನಾಲ್ಕೂವರೆ ಟನ್ನಿಗೂ ಹೆಚ್ಚು. ಅಷ್ಟೆಲ್ಲ ನೀರು ನನ್ನ ಅಳತೆಗೆ ಇಳಿದರೆ ಎಷ್ಟಾಗುತ್ತದೆ? ಉದ್ದವನ್ನು ಎಂಬತ್ತೇಳರಿಂದ ಭಾಗಿಸಿದರೆ ನೀರಿನ ಮೊತ್ತವನ್ನು ಎಂಬತ್ತೇಳರಿಂದ ಮೂರು ಸಲ ಭಾಗಿಸಬೇಕು, ಅಂದರೆ 6,58,503ರಿಂದ. ಉಳಿಯುವುದು ಕಾಲು ಲೀಟರ್. ಮನೆಗೆ ಬಂದ ಮಂದಿಗೆ ಕೊಡುವ ಒಂದು ಗ್ಲಾಸ್ ನೀರು.

ಸಾಮಾನು ಹೊಂದಿಸುವ ಕತೆಯೇ ಬೇರೆ. ವಿದೇಶದಲ್ಲಿ ಈ ಕೆಲಸಕ್ಕೆಂದೇ ಕೊಯ್ದ ಕಡ್ಡಿಗಳು ಪಾಕೀಟಿನಲ್ಲಿ ಸಿಗುತ್ತವೆ. ನನ್ನ ಪಾಕೀಟು ಬಸವಕಲ್ಯಾಣದ ಪೇಟೆ. ಬಳೆಗೆ ಬೇಕಾದ ತಂತಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು. ಬೋರ್‌ವೆಲ್ ಪಂಪು ಸುಟ್ಟುಕೊಂಡು ಬರುವ ರೈತರಿಂದ ಆ ಅಂಗಡಿ ಸದಾ ತುಂಬಿರುತ್ತದೆ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯ ಮೇಲಿನ ಕಪ್ಪು ನನಗೆ ಬೇಕಾದ ಹಳೆ ಕಬ್ಬಿಣದ ಕಪ್ಪೇ, ಬಣ್ಣ ಹಚ್ಚುವ ಕೆಲಸ ಉಳಿಯಿತು. ಅಂಗಡಿಯವ ತೂಕದ ಲೆಕ್ಕದಲ್ಲಿ ಮಾರುವವನು, ನಾನು ಕೇಳಿದ್ದು ಕೆಲವೇ ಮೊಳ. ಅವನು ತಕ್ಕಡಿ ನೋಡಿದ, ನನ್ನನ್ನು ನೋಡಿದ, ಸುಮ್ಮನೆ ತಗೊಂಡು ಹೋಗ್ರಿ ಅಂದ. ಮಾಡಿನ ಕೆಳಗಿನ ಸಣ್ಣ ಕಡ್ಡಿಗೆ ಅಗರಬತ್ತಿಯ ಬಿದಿರು. ಕಾಲುಗಳಿಗೆ ಹನ್ನೆರಡು ಇಂಚು ದಪ್ಪದ ತೊಲೆ ಬೇಕು, ಅಂದರೆ ಇಲ್ಲಿ ಮೂರೂವರೆ ಮಿಲಿಮೀಟರಿನ ಕಡ್ಡಿ.

ಹಲಗೆಯ ಮರಕ್ಕೆ ಮಾತ್ರ ಆಟೋ ನಗರಕ್ಕೇ ಹೋಗಬೇಕಾಯಿತು. ಲಾರಿಗೆ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಮರ ಕೊಯ್ದ ಚೂರುಗಳ ಗುಡ್ಡೆ ಇರುತ್ತದೆ. ನನಗೆ ಗುರುತಿನ ಮಿಸ್ತ್ರಿ ಒಬ್ಬರಿದ್ದಾರೆ, ವಯಸ್ಸಾದವರು, ಊರೆಲ್ಲ ಚಾಚಾ ಎನ್ನುತ್ತದೆ. ಹತ್ತು ಟನ್ ಕಬ್ಬು ಹೇರುವ ಬಾಡಿ ಕಟ್ಟಿದ ಕೈ. ನಾನು ಒಂದೂಮುಕ್ಕಾಲು ಮಿಲಿಮೀಟರ್ ಅಗಲದ ಪಟ್ಟಿ ಬೇಕೆಂದಾಗ ಅವರು ತಮ್ಮ ಪೆನ್ಸಿಲ್ ಗೆರೆಯನ್ನು ತೋರಿಸಿದರು.

"ಸರ್, ಈ ಗೆರಿನೇ ಅದಕ್ಕಿಂತ ದಪ್ಪ ಅದ."

ಸಾಗವಾನಿ ಚೂರು ಕೊಟ್ಟು, ಇದಕ್ಕಿಂತ ಛಲೋ ಕಟ್ಟಿಗಿ ಭೂಮಿ ಮ್ಯಾಲ ಇಲ್ಲ ಎಂದರು. ಲಾರಿಗೆ ಅದು ಸರಿಯಾದ ಮಾತು. ಪುಟ್ಟ ಟಾಕಿಗೆ ಸಾಗವಾನಿ ನಡೆಯುವುದಿಲ್ಲ, ಯಾಕೆಂದರೆ ಮರವನ್ನು ಎಷ್ಟು ಸಣ್ಣಗೆ ಕೊಯ್ದರೂ ಅದರ ಎಳೆ ಸಣ್ಣದಾಗುವುದಿಲ್ಲ. ಸಾಗವಾನಿಯ ಒಂದು ವರ್ಷದ ಬೆಳವಣಿಗೆಯ ಗೆರೆಗೂ ಇನ್ನೊಂದಕ್ಕೂ ಮೂರು ಮಿಲಿಮೀಟರ್ ಅಂತರವಿದ್ದರೆ ನನ್ನ ಜಗತ್ತಿನಲ್ಲಿ ಅದು ಇಪ್ಪತ್ತಾರು ಸೆಂಟಿಮೀಟರ್. ವರ್ಷಕ್ಕೆ ಪ್ರತಿ ಕಡೆ ಗೇಣಿಗಿಂತ ಹೆಚ್ಚು ದಪ್ಪವಾಗುವ ಮರ ಯಾವ ಕಾಡಿನಲ್ಲೂ ಇಲ್ಲ. ಎಳೆಯೇ ಕಾಣದಷ್ಟು ನುಣುಪಿನ ಮರ ಬೇಕು. ಚನ್ನಪಟ್ಟಣದ ಗೊಂಬೆಯವರು ಕಡೆಯುವ ಹಾಲೆಮರ ಇದಕ್ಕೆ ಸೊಗಸು, ಬೆಳ್ಳಗೆ, ಮೆತ್ತಗೆ, ಎಳೆ ತೋರದೆ ಇರುತ್ತದೆ. ಒಡೆದ ಬೊಂಬೆಯೊಂದು ಮನೆಯಲ್ಲಿದ್ದರೂ ಅದನ್ನು ಕೊಯ್ಯುವ ಧೈರ್ಯ ನನಗಿರಲಿಲ್ಲ, ಅದು ಮಗಳದು. ಕೊನೆಗೆ ಐಸ್‌ಕ್ರೀಮ್ ಕಡ್ಡಿ ಗೆದ್ದಿತು. ದಪ್ಪ ಹೆಚ್ಚು, ಪಾಲಿಶ್ ಪೇಪರಿನ ಮೇಲೆ ಉಜ್ಜಿ ಉಜ್ಜಿ ಅರ್ಧಕ್ಕೆ ಇಳಿಸಬೇಕು. ಓಣಿಯ ಹುಡುಗರಿಗೆ ಕಡ್ಡಿ ತಂದುಕೊಡಿ ಎಂದಿದ್ದೆ. ಕಡ್ಡಿ ಬಂದವು, ಅದರ ಹಿಂದೆ ಐಸ್‌ಕ್ರೀಮಿನ ಬಿಲ್ಲೂ ಬಂತು.

ಇದೆಲ್ಲ ಪರದೇಶದ ಶೋಕಿ ಎಂದು ಮೂಗು ಮುರಿಯುವವರಿಗೆ ನಾನು ಜೋಳದ ದಂಟನ್ನು ನೆನಪು ಮಾಡಿಕೊಡುತ್ತೇನೆ. ನಮ್ಮ ಕಡೆ ಹೊಲದಲ್ಲಿ ಬೆಳೆದ ಯಾವ ಹುಡುಗ ಒಣ ದಂಟು ಸೀಳಿ ಬಂಡಿ ಮಾಡಿಲ್ಲ ಹೇಳಿ? ಒಳಗಿನ ಬೆಂಡು ಗಾಲಿಗೆ, ಹೊರಗಿನ ಸಿಬರು ಅಚ್ಚಿಗೆ, ನೊಗಕ್ಕೆ. ಅಂಟಿಲ್ಲ, ಮೊಳೆಯಿಲ್ಲ, ಒಂದನ್ನು ಇನ್ನೊಂದಕ್ಕೆ ಚುಚ್ಚಿದರೆ ಮುಗಿಯಿತು. ಅದಕ್ಕೆ ಹೂಡಲು ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಸಿದ್ಧ. ಅಳತೆ ಎಷ್ಟಕ್ಕೆ ಎಷ್ಟು ಎಂದು ಯಾರೂ ಕೇಳಲಿಲ್ಲ, ಆದರೂ ಎತ್ತು ದೊಡ್ಡದಾಗಿ ಬಂಡಿ ಸಣ್ಣದಾದರೆ ಹುಡುಗರಿಗೇ ಸರಿಬರುತ್ತಿರಲಿಲ್ಲ, ಮುರಿದು ಮತ್ತೆ ಮಾಡುತ್ತಿದ್ದೆವು. ಅಂಗಡಿಯ ಡಬ್ಬಿಯಿಂದ ತೆಗೆದು ಜೋಡಿಸದೆ ಕೈಗೆ ಸಿಕ್ಕ ಸಾಮಾನಿನಿಂದ ಬುಡದಿಂದಲೇ ಕಟ್ಟುವ ವಿದ್ಯೆಗೆ ಅಮೆರಿಕದಲ್ಲಿ ಭಾರಿ ಮರ್ಯಾದೆ. ಇಲ್ಲಿ ಅದಕ್ಕೆ ಸಿಗುತ್ತಿದ್ದದ್ದು, ಹೊಲದಲ್ಲಿ ಕೆಲಸ ಬಿಟ್ಟು ಕೂತಿದ್ದಕ್ಕೆ ಬೆನ್ನಿಗೊಂದು ಏಟು.

ಕೆಲಸದ ಮಾತು ಬಂದರೆ ಈ ಊರಿನಲ್ಲಿ ಎಚ್ಚರ ಬೇಕು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಬಾಚಿ ಹಿಡಿದ ಬಸವಯ್ಯನಿದ್ದ, ಬಿದಿರು ಸೀಳುವ ಮೇದಾರ ಕೇತಯ್ಯನಿದ್ದ, ಸೌದೆ ಹೊತ್ತ ಮೋಳಿಗೆ ಮಾರಯ್ಯನಿದ್ದ, ಹಗ್ಗ ಹೊಸೆದ ನುಲಿಯ ಚಂದಯ್ಯನಿದ್ದ. ಚಂದಯ್ಯನ ಕತೆ ಕೇಳಿದ್ದೀರಲ್ಲ, ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಬಿದ್ದರೆ ಅದನ್ನು ಬಿಟ್ಟು ಹೊರಟವನು, ಬೆನ್ನು ಹತ್ತಿ ಬಂದ ಲಿಂಗದ ಕೈಗೇ ಹಗ್ಗ ಮಾರಿಕೊಂಡು ಬಾ ಎಂದು ಕೆಲಸ ಹಚ್ಚಿದವನು. ಅವನೇನಾದರೂ ನನ್ನ ಖೋಲಿಗೆ ಬಂದು, ಇದನ್ನು ಮಾರಿ ಯಾವ ಜಂಗಮನಿಗೆ ಉಣಿಸುತ್ತೀ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಟಾಕಿಯ ಹಿಂದೆ ಅಡಗಿಕೊಳ್ಳೋಣವೆಂದರೆ ಅದು ಮಾರುದ್ದವೂ ಇಲ್ಲ.

ಸಮಾಧಾನಕ್ಕೆ ನಾನು ನಮ್ಮ ಹೆದ್ದಾರಿಯ ಇನ್ನೊಂದು ತುದಿಯನ್ನು ನೆನೆಯುತ್ತೇನೆ. ಹುಮನಾಬಾದಿನಿಂದ ಸೊಲ್ಲಾಪುರ ದಾಟಿ ಅದೇ ರಸ್ತೆಯಲ್ಲಿ ಹೋದರೆ ಪುಣೆ. ಅಲ್ಲಿಯ ಕೋಥ್ರೂಡಿನಲ್ಲಿ ಭಾವೂ ಜೋಶಿಯವರು ಜೀವಮಾನವಿಡೀ ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, 1998ರಿಂದ ಜನರಿಗೆ ತೆರೆದಿದೆ. ದೀಪ ಆರಿಸಿ ರಾತ್ರಿ ಮಾಡಿದಾಗ ಮನೆ ಮನೆಯಲ್ಲಿ ಬೆಳಕು ಹತ್ತುತ್ತದೆ, ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಮಕ್ಕಳನ್ನು ಕರೆತಂದ ಅಪ್ಪಂದಿರನ್ನು ಗಮನಿಸಿ, ಹೊರಡುವ ಹೊತ್ತಿಗೆ ಮಕ್ಕಳೇ ಅವರ ಕೈ ಹಿಡಿದು ಎಳೆಯುತ್ತಿರುತ್ತಾರೆ.

ಟಾಕಿ ಏಳತೊಡಗಿದ ಮೇಲೆ ಚಾಚಾ ಒಮ್ಮೆ ಮನೆಗೇ ಬಂದರು. ಹಲಗೆ, ಬಳೆ ನೋಡಿ ಅವರ ಮುಖ ಬದಲಾಯಿತು. ಅವರ ತಂದೆ ಎತ್ತಿನ ಬಂಡಿಯ ಗಾಲಿ ಮಾಡುತ್ತಿದ್ದವರು. ಕಬ್ಬಿಣದ ಪಟ್ಟಾವನ್ನು ಗಾಲಿಗಿಂತ ಒಂದಿಷ್ಟು ಸಣ್ಣದಾಗಿ ಬಡಿದು, ಸುತ್ತ ಕುಳ್ಳು ಪೇರಿಸಿ ಕೆಂಪಗೆ ಕಾಸಿ, ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಹೊಯ್ಯಬೇಕು. ಕಬ್ಬಿಣ ತಣಿದು ಕುಗ್ಗುತ್ತಿದ್ದಂತೆ ಗಾಲಿಯ ಎಲ್ಲ ಕೀಲುಗಳೂ ಕಟಕಟ ಎಂದು ಬಿಗಿಯುತ್ತಿದ್ದವಂತೆ. ಟಾಕಿಯ ಬಳೆಯನ್ನು ಹಾಗೆ ಕಾಸಿ ತೊಡಿಸುವುದಿಲ್ಲ, ಎರಡು ತುದಿಗೆ ಬೋಲ್ಟ್ ಹಾಕಿ ತಿರುಗಿಸಿ ಬಿಗಿಯುತ್ತಾರೆ ಎಂದೆ. ಅವರು ತಕ್ಷಣ ಕೇಳಿದರು, "ಬೋಲ್ಟ್ ಎಲ್ಲಾ ಒಂದೇ ಕಡಿ ಬಂದ್ರ ಅಲ್ಲೇ ಬಾಯಿ ಬಿಡ್ತದಲ್ಲ ಸರ್?" ಬರುವುದಿಲ್ಲ, ಒಂದು ಬಳೆಯ ಗಂಟು ಒಂದು ಕಡೆ, ಮುಂದಿನದರ ಗಂಟು ಇನ್ನೊಂದು ಕಡೆ, ಹೀಗೆ ಸರಿಸುತ್ತಾ ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅವರು ಕನ್ನಡಕ ಏರಿಸಿ ಒಂದೊಂದೂ ಗಂಟು ನೋಡಿದರು. ಪುಸ್ತಕ ಓದಿ ನಾನು ತಿಳಿದದ್ದನ್ನೆಲ್ಲ ಅವರು ಟಾಕಿ ನೋಡಿಯೇ ಕೇಳತೊಡಗಿದರು. ತಳದ ಹಲಗೆ ಎಲ್ಲಿ ಕೂರುತ್ತದೆ? ನಿಂತ ಹಲಗೆಗಳ ಕೆಳತುದಿಯಲ್ಲಿ ಕೊರೆದ ತೋಡಿನಲ್ಲಿ. ಭಾರ ಯಾರ ಮೇಲೆ? ತಳದ ಕೆಳಗಿನ ತೊಲೆಗಳ ಮೇಲೆ, ನಿಂತ ಹಲಗೆಗಳ ಕಾಲು ನೆಲ ಮುಟ್ಟುವಂತೆಯೇ ಇಲ್ಲ. ಹೊಸದಾಗಿ ತುಂಬಿಸಿದಾಗ ಸೋರುವುದಿಲ್ಲವೇ? ಸೋರುತ್ತದೆ, ಹಲಗೆ ನೀರು ಕುಡಿದು ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ.

"ಹಂಗಾದ್ರ ಇದರಾಗ ಒಂದ್ ಗ್ಲಾಸ್ ನೀರ್ ಹಾಕಿ ನೋಡ್ರಿ."

ಹಾಕಬಾರದು ಚಾಚಾ, ಎಂದೆ. ಫೆವಿಕಾಲಿನ ಭಯಕ್ಕೆ ಮಾತ್ರ ಅಲ್ಲ. ನೀರು ನಾವು ಹೇಳಿದಂತೆ ಸಣ್ಣದಾಗುವ ಪದಾರ್ಥವೇ ಅಲ್ಲ. ನಲ್ಲಿಯಿಂದ ಬೀಳುವ ಹನಿ ನಾಲ್ಕು ಮಿಲಿಮೀಟರ್ ಇದ್ದರೆ ಆ ಜಗತ್ತಿನಲ್ಲಿ ಮೂವತ್ತೈದು ಸೆಂಟಿಮೀಟರಿನ ಗುಂಡು. ಅಲ್ಲಿ ನಿಂತ ಎರಡು ಸೆಂಟಿಮೀಟರ್ ಎತ್ತರದ ಸ್ಟೇಷನ್ ಮಾಸ್ತರರ ತಲೆಗೆ ಬಿದ್ದರೆ ಏನು ಗತಿ?

ಬಣ್ಣದ ವಿಷಯದಲ್ಲಿ ಊರೆಲ್ಲ ಸಲಹೆ ಕೊಟ್ಟಿತು. ಹೊಸ ಕಡ್ಡಿಯ ಬಿಳುಪು ಹೋಗಿ ಮಳೆ ಬಿಸಿಲು ಕಂಡ ಬೂದು ಬರಬೇಕು. ಬೀದರ್ ಕೋಟೆಯ ಮಣ್ಣಿನಲ್ಲಿ ಕುದಿಸಿದರೆ ಬಿದರಿಯ ಕಪ್ಪು ಬರುತ್ತದೆ ಎಂದರು ಒಬ್ಬರು. ಆ ಮಣ್ಣು ಕಪ್ಪು ಮಾಡುವುದು ಸತುವಿನ ಪಾತ್ರೆಯನ್ನು, ಮರವನ್ನಲ್ಲ. ಮರಕ್ಕೆ ಹಳೆಯ ಮಸಿಯ ವಿದ್ಯೆಯೇ ಬೇಕಾಯಿತು. ಅಳಲೆಕಾಯಿಯ ಕಷಾಯ ಹಚ್ಚಿ ಒಣಗಿಸಿ, ತುಕ್ಕು ಮೊಳೆ ನೆನೆಸಿಟ್ಟ ವಿನೆಗರ್ ಸವರಿದರೆ ಕಣ್ಣೆದುರೇ ಮರ ಬೂದಾಗಿ ಕಪ್ಪಾಗುತ್ತದೆ. ದುಡ್ಡು ಕೊಟ್ಟು ತರಿಸುವ ಯಾವ ಪರದೇಶದ ಬಣ್ಣವೂ ಇಷ್ಟು ಹಳತಾಗಿ ಕಾಣುವುದಿಲ್ಲ. ಅಡಿಗೆಮನೆಯ ಚಮಚ ಹಳತಾದದ್ದನ್ನು ಮಾತ್ರ ನಮ್ಮಾಕಿ ಮೆಚ್ಚಲಿಲ್ಲ.

ಕೊನೆಗೆ ಉಳಿದದ್ದು ನೀರಿನ ಮಟ್ಟ ತೋರಿಸುವ ಮುಳ್ಳು. ಟಾಕಿಯ ಹೊರಗೆ ಅಡಿಗಳ ಗುರುತು ಹಾಕಿದ ಉದ್ದ ಹಲಗೆಯೊಂದು ನಿಂತಿರುತ್ತದೆ. ಒಳಗೆ ನೀರಿನ ಮೇಲೆ ತೇಲುವ ಬೆಂಡಿಗೆ ಕಟ್ಟಿದ ಹಗ್ಗ ಮೇಲೆ ರಾಟೆ ಸುತ್ತಿ ಹೊರಗೆ ಬಂದು ಈ ಮುಳ್ಳನ್ನು ಹಿಡಿದಿರುತ್ತದೆ. ಹಾಗಾಗಿ ನೀರು ಏರಿದರೆ ಮುಳ್ಳು ಇಳಿಯುತ್ತದೆ, ನೀರು ಇಳಿದರೆ ಮುಳ್ಳು ಏರುತ್ತದೆ. ದೂರದಿಂದ ಬರುವ ಡ್ರೈವರನಿಗೆ ಇದೇ ಪಂಚಾಂಗ. ಎಲ್ಲಿ ಅಂಟಿಸಬೇಕು? ಖಾಲಿ ಟಾಕಿಗೆ ಮುಳ್ಳು ಮೇಲಿರುವುದೇ ಸತ್ಯ. ಆದರೆ ಕಲ್ಯಾಣಕ್ಕೆ ಎಂಟು ನೂರು ವರ್ಷಗಳ ಮೇಲೆ ಮೊದಲ ರೈಲು ಬಂದಾಗ ಟಾಕಿ ಬತ್ತಿದೆ ಎಂದು ತೋರಿಸುವುದು ಊರಿಗೆ ಶೋಭೆಯೇ? ಚಾಚಾ ಮುಳ್ಳನ್ನು ತಳಕ್ಕಿಟ್ಟು ಪೂರ್ತಿ ತುಂಬಿಸಿಬಿಡಿ ಎಂದರು. ನಮ್ಮಾಕಿ ಬಾಗಿಲಲ್ಲಿ ನಿಂತು, ಇದು ಮೇ ತಿಂಗಳು, ಈ ಊರಿನಾಗ ಯಾರ ಮನಿ ಟಾಕಿ ತುಂಬದ ನನಗೊಮ್ಮೆ ತೋರಿಸ್ರಿ, ಎಂದಳು. ಮಾತುಕತೆ ಚಹಾದವರೆಗೂ ನಡೆದು ಮೂರು ಅಡಿ ನೀರಿಗೆ ಒಪ್ಪಂದವಾಯಿತು. ನಾನು ಮುಳ್ಳನ್ನು ಮೇಲಿನಿಂದ ಮೂರನೇ ಗುರುತಿಗೆ ಅಂಟಿಸಿದೆ.

"ಇಷ್ಟು ನೀರ್ ಸಾಕಾಗ್ತಾವೇನ್ರಿ?" ಎಂದಳು.

ಲೆಕ್ಕ ಹಾಕಿದೆ. ಮೂರು ಅಡಿ ಅಂದರೆ ಮೂವತ್ತು ಸಾವಿರ ಲೀಟರ್, ದೊಡ್ಡ ಎಂಜಿನ್ನೊಂದರ ಟೆಂಡರ್ ತುಂಬಿ ಸ್ವಲ್ಪ ಮಿಗುತ್ತದೆ. ಒಂದಕ್ಕ ಸಾಕು ಅಂದೆ.

"ಹಿಂದ ಇನ್ನೊಂದ್ ಬಂದ್ರ?"

"ಅದು ಹುಮನಾಬಾದಿಗೆ ಹೋಗಿ ಕುಡಿತದ."

"ಹುಮನಾಬಾದಿನಾಗ ಟಾಕಿ ಎಲ್ಲದ?"

ಚಾಚಾ ಹಲಗೆಯ ಆ ತುದಿಗೆ ಬಗ್ಗಿ ನೋಡಿದರು. ಪ್ಲಾಟ್‌ಫಾರ್ಮ್ ಇತ್ತು, ಬೇವಿನ ಗಿಡ ಇತ್ತು, ಚಹಾದ ಗಾಡಿ ಇತ್ತು. ಅಟ್ಟದ ಮೇಲೆ 75ರ ಪೈಪು ಇನ್ನೂ ಎರಡು ಅಡಿ ಉಳಿದಿರುವುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಓಣಿಯ ಹುಡುಗರನ್ನು ಕರೆಯಲು ನಾನು ಕೆಳಗಿಳಿದೆ. ಹಿಂದಿನಿಂದ ಅವಳ ದನಿ ಬಂತು, ಈ ಸಲ ಕುಲ್ಫಿ ಬ್ಯಾಡ, ಬರೀ ಕಡ್ಡಿ ಐಸ್‌ಕ್ರೀಮ್ ಅಂತ ಹೇಳ್ರಿ.